ಹಸಿರು ಕಾರು, ಕೆಂಪು ಕಾರು ಮತ್ತು ಒಂದು ನ್ಯಾಯವಾದ ಪಾಲು

ಸ್ಪೋರ್ಟ್ಸ್ ಕಾರು ಇಟ್ಟುಕೊಂಡವನೆಂದರೆ ಜನ ವೇಗದ ಮನುಷ್ಯನೆಂದು ತಿಳಿಯುತ್ತಾರೆ. ನನ್ನ ಅನುಭವ ಬೇರೆ. ಹಳೆಯ ಸ್ಪೋರ್ಟ್ಸ್ ಕಾರು ಮನುಷ್ಯನಿಗೆ ನಿಲ್ಲುವುದನ್ನು ಕಲಿಸುತ್ತದೆ. ಇಪ್ಪತ್ತು ದಾಟಿದ ವಯಸ್ಸಿನಿಂದ ಇವತ್ತಿನವರೆಗೆ ನನ್ನ ಹತ್ತಿರವೋ ನನ್ನ ಅಣ್ಣನ ಹತ್ತಿರವೋ ಅಂಥದ್ದೊಂದು ಕಾರು ಇದ್ದೇ ಇದೆ. ಅದರಲ್ಲಿ ಹೆಚ್ಚಿನ ಕಾಲ ಅದು ಟಾರ್ಪಾಲಿನ ಕೆಳಗೆ ನಿಂತಿತ್ತು, ನಾವು ಸ್ಪ್ಯಾನರು ಹಿಡಿದು ಅದರ ಪಕ್ಕದಲ್ಲಿ ನಿಂತಿದ್ದೆವು.

ಮೊದಲನೆಯದು ಸಿಕ್ಕಿದ್ದು ತೊಂಬತ್ತರ ದಶಕದ ಆರಂಭದಲ್ಲಿ, ಮಲ್ಲಂದೂರಿನ ಕಡೆಯ ಒಂದು ಎಸ್ಟೇಟಿನಲ್ಲಿ. ಬಿಳಿಯ ಮ್ಯಾನೇಜರೊಬ್ಬ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಇಂಗ್ಲಿಷ್ ಕಾರು. ಎರಡೇ ಸೀಟು, ಉದ್ದನೆಯ ಮೂತಿ, ಸೈಕಲ್ಲಿನಂತೆ ಕಡ್ಡಿಗಳಿರುವ ಚಕ್ರ, ತಲೆಯ ಮೇಲೆ ಆಕಾಶ. ಬಟ್ಟೆಯ ಹುಡ್ಡೊಂದು ಇತ್ತಂತೆ, ಇಲಿಗಳು ಅದನ್ನು ನಮಗಿಂತ ಮೊದಲೇ ನೋಡಿದ್ದವು. ನಾವು ಹೋದ ದಿನ ಡ್ರೈವರ್ ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ಆ ಎಸ್ಟೇಟಿನ ಯಜಮಾನರು ಗಂಭೀರವಾಗಿ ಹೇಳಿದರು:

"ಈಗ ಎಬ್ಬಿಸ್ಬೇಡಿ. ಮರಿ ಆಗ್ಲಿ, ಆಮೇಲೆ ಬಂದು ತಗೊಂಡೋಗಿ."

ಕಾದೆವು. ಕೋಳಿಯ ಅನುಮತಿ ಪಡೆದು ಕಾರು ಕೊಂಡವರು ಈ ಮೂರು ತಾಲೂಕಿನಲ್ಲಿ ನಾವಿಬ್ಬರೇ ಇರಬೇಕು.

ಅಣ್ಣ ನನಗಿಂತ ಐದು ವರ್ಷಕ್ಕೆ ದೊಡ್ಡವನು. ಅಪ್ಪ ಬೇಗ ಹೋದ ಮೇಲೆ ಓದು ಬಿಟ್ಟು ಬಣಕಲ್ ಹತ್ತಿರದ ನಮ್ಮ ತೋಟ, ಕಳಸದ ಕಡೆಗಿದ್ದ ಇನ್ನೊಂದು ತೋಟ, ಎರಡನ್ನೂ ನೋಡಿಕೊಂಡವನು. ಅವನಿಗೆ ಬೀಡಿಯಿಲ್ಲ, ಇಸ್ಪೀಟಿಲ್ಲ. ಇಂಥವನು ಒಂದು ಕಾರು ತರುತ್ತೇನೆ ಎಂದಾಗ ಅಮ್ಮ ಬೇಡವೆನ್ನಲಿಲ್ಲ. ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಗೋಡೌನಿನ ಹತ್ತಿರ ಮಾತ್ರ ನಿಲ್ಲಿಸಕೂಡದೆಂದು ಕಟ್ಟಪ್ಪಣೆ ಮಾಡಿದಳು, ಕಾಫಿ ಪೆಟ್ರೋಲಿನ ವಾಸನೆ ಹಿಡಿಯುತ್ತದೆಂದು. ಕಡು ಹಸಿರು ಬಣ್ಣದ ಆ ಕಾರು ಸಗಣಿ ಗೊಬ್ಬರದ ಶೆಡ್ಡಿನಲ್ಲಿ ತಂಗಿತು.

ಆ ಕಾರಿನ ವಿಷಯದಲ್ಲಿ ಎರಡು ಸಂಗತಿ ಹೇಳಲೇಬೇಕು. ಇಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಕಾರ್ಬುರೇಟರು ನಮ್ಮ ಜೀಪಿಗೆ ಒಂದೇ ಇತ್ತು, ಇದಕ್ಕೆ ಎರಡು. ಎರಡೂ ಒಂದೇ ಸಮ ಉಸಿರಾಡಬೇಕು. ಒಂದು ಹೆಚ್ಚು ಎಳೆದು ಇನ್ನೊಂದು ಕಡಿಮೆ ಎಳೆದರೆ ಇಂಜಿನ್ನು ಕೆಮ್ಮುತ್ತದೆ, ಏರಿನಲ್ಲಿ ಕೈಕೊಡುತ್ತದೆ. ಸರಿಮಾಡುವ ಉಪಾಯ ತೀರ ಸರಳ. ರಬ್ಬರ್ ಪೈಪಿನ ಒಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದು ಇನ್ನೊಂದು ತುದಿಯನ್ನು ಕಿವಿಗೆ ಇಟ್ಟುಕೊಳ್ಳಬೇಕು. ಒಳಗೆ ಸುಯ್ ಎನ್ನುತ್ತದೆ. ಎರಡರ ಸುಯ್ಲೂ ಒಂದೇ ಆಗುವ ತನಕ ಸ್ಕ್ರೂ ತಿರುಗಿಸಬೇಕು. ಆ ಕಿವಿ ಅಣ್ಣನಿಗಿತ್ತು. ನನಗೆ ಎರಡೂ ಒಂದೇ ಥರ, ಪಕ್ಕದ ಮನೆಯಲ್ಲಿ ಹಾವು ಇದ್ದ ಹಾಗೆ ಕೇಳುತ್ತಿತ್ತು.

ಎರಡನೆಯ ಸಂಗತಿ, ಅದರ ಚಕ್ರಗಳಿಗೆ ನಾಲ್ಕೈದು ನಟ್ಟುಗಳಿಲ್ಲ. ನಡುವೆ ರೆಕ್ಕೆಯಿರುವ ಒಂದೇ ದೊಡ್ಡ ನಟ್ಟು. ಅದನ್ನು ಸುತ್ತಿಗೆಯಲ್ಲಿ ಹೊಡೆದೇ ಬಿಗಿಮಾಡಬೇಕು, ಹೊಡೆದೇ ಬಿಚ್ಚಬೇಕು. ಕಬ್ಬಿಣದ ಸುತ್ತಿಗೆಯಾದರೆ ರೆಕ್ಕೆ ಮುರಿಯುತ್ತದೆಂದು ಕಾರಿನ ಜೊತೆಗೆ ತಾಮ್ರದ ತಲೆಯ ಸುತ್ತಿಗೆಯೊಂದು ಬಂದಿತ್ತು. ಈ ಸುತ್ತಿಗೆಯನ್ನು ನೆನಪಿಡಿ. ನ್ಯಾಯದಾನದಲ್ಲಿ ಅದಕ್ಕೊಂದು ಪಾತ್ರವಿದೆ.

ನಮ್ಮ ಪ್ರವಾಸವೆಲ್ಲ ಚಳಿಗಾಲದ ಭಾನುವಾರ, ಬೆಳಗ್ಗೆ. ಬಣಕಲ್‌ನಿಂದ ಹೊರಟು ಕೊಟ್ಟಿಗೆಹಾರದಲ್ಲಿ ಬಲಕ್ಕೆ ತಿರುಗಿ ಕಳಸ, ಅಲ್ಲಿಂದ ಹೊರನಾಡು. ದೇವರ ದರ್ಶನಕ್ಕೆ ಹೋಗುತ್ತೇವೆಂದು ಅಮ್ಮನಿಗೆ ಹೇಳುತ್ತಿದ್ದೆವು. ಮಕ್ಕಳಿಗೆ ಇಷ್ಟು ಭಕ್ತಿ ಬಂತಲ್ಲ ಎಂದು ಆಕೆ ನೆಂಟರಿಗೆಲ್ಲ ಹೇಳಿಕೊಂಡಳು. ದರ್ಶನ ಮಾಡುತ್ತಿದ್ದುದೂ ನಿಜ, ಊಟ ಮಾಡುತ್ತಿದ್ದುದೂ ನಿಜ. ಆದರೆ ನಮ್ಮ ದೇವರು ಹೊರಗೆ ಮರದ ನೆರಳಲ್ಲಿ ಆಯಿಲ್ ತೊಟ್ಟಿಕ್ಕಿಸುತ್ತ ನಿಂತಿರುತ್ತಿತ್ತು.

ಆ ಹೊತ್ತಿಗೆ ದಾರಿಯಲ್ಲಿ ಮಂಜು ಎಷ್ಟೆಂದರೆ ಕಾರಿನ ಮೂತಿಯೇ ಕಾಣುತ್ತಿರಲಿಲ್ಲ. ಅಣ್ಣ ಓಡಿಸುವವನು. ಎಡ ಸೀಟಿನ ನಾನು ಹೊರಗೆ ಬಾಗಿ ರಸ್ತೆಯ ಅಂಚು ನೋಡುತ್ತ ಕೂಗಬೇಕು. "ಎಡ", "ಬಲ" ಸರಿ. ಹಿಂದಕ್ಕೇ ಮಡಚಿಕೊಳ್ಳುವ ತಿರುವಿಗೆ "ಕೊಕ್ಕೆ". ದನ ಇದ್ದರೆ "ದನ". ಒಮ್ಮೆ ಜವಾಬ್ದಾರಿಯಿಂದ "ದನ" ಎಂದು ಕೂಗಿದೆ. ಅಣ್ಣ ಬ್ರೇಕು ಒತ್ತಿದ. ಮಂಜಿನೊಳಗಿಂದ ಒಂದು ದನಿ ಬಂತು:

"ಯಾರಿಗೋ ದನ ಅಂದಿದ್ದು?"

ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಕಂಬಳಿ ಹೊದ್ದು ಕೆಲಸಕ್ಕೆ ಹೊರಟ ಒಬ್ಬ ದೊಡ್ಡ ಮನುಷ್ಯ. ಅವರ ಕ್ಷಮೆ ಕೇಳಿ ಹೊರಟ ಮೇಲೆ ಅಣ್ಣ ಕಳಸದವರೆಗೆ ನಕ್ಕ. ಅಣ್ಣ ನಕ್ಕದ್ದನ್ನು ನೆನೆಸಿಕೊಳ್ಳಬೇಕಾದಾಗ ನನಗೆ ಅದೇ ಸಿಗುವುದು.

ಕೆಲವು ವರ್ಷದಲ್ಲಿ ಕಾರಿನ ಸಾಮಾನು ಸವೆಯಿತು. ಇಲ್ಲಿ ಎಲ್ಲಿಯೂ ಸಿಗುವುದಲ್ಲ. ಆಗ ಸಕಲೇಶಪುರದ ಕಡೆ ಅದೇ ಕಂಪನಿಯ ಅದೇ ನಮೂನೆಯ ಇನ್ನೊಂದು ಕಾರು ಇದೆಯೆಂದು ತಿಳಿದು, ಕಾಫಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಅದನ್ನು ಹೇರಿಸಿಕೊಂಡು ಬಂದೆವು. ಇದು ಕೆಂಪು. ಓಡುವ ಆಸೆಯನ್ನು ಎಂದೋ ಬಿಟ್ಟಿತ್ತು. ಹಸಿರಿಗೆ ಏನು ಬೇಕೋ ಅದನ್ನು ಕೆಂಪಿನಿಂದ ಬಿಚ್ಚುವುದು, ಸವೆದದ್ದನ್ನು ಕೆಂಪಿಗೆ ಹಾಕುವುದು. ಹೀಗೆ ಒಂದು ಮೇಲೇರುತ್ತ ಇನ್ನೊಂದು ಕೆಳಗಿಳಿಯುತ್ತ ಹೋಯಿತು. ಅಣ್ಣನಿಗೆ ಯಾಕೋ ಕೆಂಪಿನ ಮೇಲೆ ಕನಿಕರ. ಬಿಚ್ಚಿದಾಗಲೆಲ್ಲ ಅದರ ಮೂತಿ ತಟ್ಟಿ, "ನಿಂದೂ ಒಂದಿನ ಬರ್ತದೆ, ತಡಿ" ಎನ್ನುತ್ತಿದ್ದ.

ಅಮ್ಮ ತೀರಿಕೊಂಡ ಎರಡನೆಯ ವರ್ಷ ನಾವು ಬೇರೆಯಾದೆವು. ಕಾರಣ ಹೂವು. ಬೇಸಿಗೆಯಲ್ಲಿ ಕಾಫಿ ಹೂ ಅರಳಲು ಒಂದು ಮಳೆ ಬೇಕು. ಅದು ಬಾರದಿದ್ದರೆ ಪಂಪು ಹಾಕಿ ನೀರು ಚಿಮ್ಮಿಸಬೇಕು. ನಮಗಿದ್ದದ್ದು ಒಂದು ಕೆರೆ, ಒಂದು ಪಂಪು. ಅಣ್ಣ ಕೆಳಗಿನ ಇಳಿಜಾರಿಗೆ ಮೊದಲು ಎಂದ. ನಾನು ನೋಡಿಕೊಳ್ಳುತ್ತಿದ್ದ ಮೇಲಿನದಕ್ಕೆ ಸರದಿ ಬರುವಷ್ಟರಲ್ಲಿ ಕೆರೆ ತಳ ಕಂಡಿತ್ತು, ಮೊಗ್ಗು ಕರಕಲಾಗಿತ್ತು. ಅಂದು ಪಂಪಿನ ಹತ್ತಿರ ಇಬ್ಬರೂ ಆಡಿದ ಮಾತುಗಳನ್ನು ಪಂಪು ಓಡುತ್ತಿದ್ದಿದ್ದರೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ದುರದೃಷ್ಟಕ್ಕೆ ನೀರಿಲ್ಲದೆ ಅದು ನಿಂತಿತ್ತು. ಅತ್ತಿಗೆ ಕೇಳಿದರು, ನನ್ನ ಹೆಂಡತಿ ಕೇಳಿದಳು, ಆಳುಗಳೆಲ್ಲ ಕೇಳಿದರು. ಅಷ್ಟು ಜನ ಕೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ.

ಪಾಲು ಮಾಡಿಸಲು ಸೋದರಮಾವ ಬಂದರು. ನಮ್ಮ ಸೀಮೆಯಲ್ಲಿ ಅವರು ಮಾಡಿಸಿದ ಪಾಲು ಕೋರ್ಟಿಗೆ ಹೋದದ್ದಿಲ್ಲ ಎಂಬ ಕೀರ್ತಿ ಅವರಿಗಿತ್ತು. ಬಣಕಲ್ ತೋಟ, ಕಳಸದ ತೋಟ ಎರಡನ್ನೂ ತೂಗಿ, ಕಳಸದ್ದು ಅಣ್ಣನಿಗೆ, ಇಲ್ಲಿಯದು ನನಗೆ ಎಂದಾಯಿತು. ಹಂಡೆ, ಕೊಡ, ತಪ್ಪಲೆಗಳನ್ನು ಅಂಗಳದಲ್ಲಿ ತಕ್ಕಡಿ ಕಟ್ಟಿ ತೂಗಿದರು. ತಾಮ್ರವನ್ನು ಲೆಕ್ಕದಲ್ಲಿ ಹಂಚುವುದಿಲ್ಲ, ತೂಕದಲ್ಲಿ ಹಂಚುವುದು ರೂಢಿ. ಅಣ್ಣನ ಕಡೆಯ ತಟ್ಟೆ ಒಂದಿಷ್ಟು ಮೇಲಕ್ಕೇ ನಿಂತಿತು. ಮಾವ ಸುತ್ತ ನೋಡಿ ಶೆಡ್ಡಿನಲ್ಲಿದ್ದ ತಾಮ್ರದ ಸುತ್ತಿಗೆ ತರಿಸಿ ಅದರ ಮೇಲಿಟ್ಟರು. ತಕ್ಕಡಿ ಸಮವಾಯಿತು. ಕೂತವರೆಲ್ಲ ತಲೆದೂಗಿದರು. ಕಾರಿನ ಚಕ್ರ ಬಿಚ್ಚುವ ಏಕೈಕ ಸಾಧನ ಹೀಗೆ ಅಡುಗೆ ಪಾತ್ರೆಯಾಗಿ ಕಳಸಕ್ಕೆ ಹೊರಟಿತು.

ಆಮೇಲೆ ಕಾರುಗಳ ಸರದಿ. ಮಾವ ಎರಡರ ಸುತ್ತಲೂ ಪ್ರದಕ್ಷಿಣೆ ಬಂದರು.

"ಎರಡು ಕಾರು, ಇಬ್ರು ಗಂಡು ಮಕ್ಕಳು. ಇದ್ರಲ್ಲೇನು ಕಷ್ಟ?"

ಯಾರೋ ಕೆಮ್ಮಿದರು. "ಅದ್ರಲ್ಲಿ ಒಂದು ಓಡ್ತದೆ, ಒಂದು ಓಡಲ್ಲ."

"ಹಂಗಾ?" ಮಾವ ಮೀಸೆ ಸವರಿಕೊಂಡರು. "ಒಳ್ಳೇ ಎತ್ತು ಒಬ್ಬನಿಗೆ, ಕುಂಟೆತ್ತು ಒಬ್ಬನಿಗೆ ಕೊಟ್ರೆ ಅದು ಪಾಲಲ್ಲ ಕಣ್ರೋ, ಪಕ್ಷಪಾತ. ಓಡೋದ್ರಲ್ಲಿ ಏನೇನು ಒಳ್ಳೇದಿದೆ ಹೇಳಿ. ಅದನ್ನೂ ಹಂಚಣ."

ಮೂಡಿಗೆರೆಯಿಂದ ನಮ್ಮ ಮೆಕ್ಯಾನಿಕ್ಕನನ್ನು ಕರೆಸಲಾಯಿತು. ಆತ ಬಹಳ ಮಾತುಗಾರ, ಕೆಲಸ ಅಷ್ಟಕ್ಕಷ್ಟೆ, ಆದರೆ ಯಾವುದನ್ನಾದರೂ ಬಿಚ್ಚುವುದೆಂದರೆ ಹಬ್ಬ. ಒಳ್ಳೆಯ ಕಾರ್ಬುರೇಟರು ಎರಡು, ಆಚೆಗೊಂದು ಈಚೆಗೊಂದು. ಅವುಗಳ ಜಾಗಕ್ಕೆ ಕೆಟ್ಟವು ಎರಡು, ಅವೂ ಸಮ. ಒಳ್ಳೆಯ ಚಕ್ರ ಐದು. ಹಸಿರಿಗೆ ಮೂರು, ಕೆಂಪಿಗೆ ಎರಡು. ಒಂದು ಚಕ್ರದ ನಷ್ಟಕ್ಕೆ ಪರಿಹಾರವಾಗಿ ಬ್ಯಾಟರಿಗೆ ಕರೆಂಟು ಕೊಡುವ ಡೈನಮೋ ಕೆಂಪಿಗೆ. ನಂತರ ಚೀಟಿ ಎತ್ತಿದರು. ಹಸಿರು ನನಗೆ ಬಂತು, ಕೆಂಪು ಅಣ್ಣನಿಗೆ.

ಹೀಗೆ, ಇದಕ್ಕಿಂತ ನ್ಯಾಯವಾಗಿ ಹಂಚಲು ಸಾಧ್ಯವಿಲ್ಲ ಎಂಬಷ್ಟು ನ್ಯಾಯವಾಗಿ, ಓಡದ ಎರಡು ಕಾರುಗಳು ಸೃಷ್ಟಿಯಾದವು.

ನಾವಿಬ್ಬರೂ ಸುಮ್ಮನೆ ನೋಡುತ್ತ ನಿಂತಿದ್ದೆವು. ಒಬ್ಬ ಬಾಯಿಬಿಟ್ಟಿದ್ದರೆ ಸಾಕಿತ್ತು. ಆದರೆ ಬಾಯಿಬಿಟ್ಟರೆ ಅದು ಇನ್ನೊಬ್ಬನ ಜೊತೆ ಮಾತಾಡಿದಂತಾಗುತ್ತಿತ್ತು. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ನನ್ನ ಕಿವಿಯಲ್ಲಿ ಹೇಳಿದ: "ಸಾರ್, ಇನ್ನು ಇದಕ್ಕೆ ಹಾರ ಹಾಕಿ ಕುಂಕುಮ ಇಡಿ."

ಮುಂದಿನ ವರ್ಷಗಳನ್ನು ವಿಸ್ತರಿಸಿ ಹೇಳುವ ಅಗತ್ಯವಿಲ್ಲ. ಕಾಫಿಯ ಬೆಲೆ ಬಿದ್ದ ಕಾಲ ಅದು. ಎಸ್ಟೇಟುಗಳಲ್ಲಿ ಮಾತೂ ಕಡಿಮೆಯಾಗಿತ್ತು. ನಾನು ಇನ್ನೊಂದು ಕಾರ್ಬುರೇಟರಿಗಾಗಿ ಮದ್ರಾಸಿನವರೆಗೂ ಹುಡುಕಿಸಿದೆ. ಕೊನೆಗೆ ಮೆಕ್ಯಾನಿಕ್ಕನನ್ನು ಅಣ್ಣನ ಹತ್ತಿರ ಕಳಿಸಿದೆ, ಬೆಂಗಳೂರಿನ ಯಾರೋ ಶ್ರೀಮಂತರು ಕೇಳುತ್ತಿದ್ದಾರೆಂದು ಹೇಳಲು. ಆತ ಹೋಗಿ ಬಂದು ವರದಿ ಒಪ್ಪಿಸಿದ:

"ಕೊಡಲ್ಲ ಅಂದ್ರು ಸಾರ್. ಆಮೇಲೆ ನನ್ನನ್ನೇ ನಿಮ್ಮತ್ರ ಕಳಿಸಿದ್ದಾರೆ. ಮೈಸೂರಿನ ಯಾರೋ ಶ್ರೀಮಂತ್ರು ನಿಮ್ಮ ಕಾರ್ಬುರೇಟರ್ ಕೇಳ್ತಿದ್ದಾರಂತೆ."

"ಕೊಡಲ್ಲ ಅಂತ ಹೇಳು."

"ಹೇಳ್ತೀನಿ. ನಿಮ್ಮಿಬ್ರ ಶ್ರೀಮಂತ್ರಿಂದ ನನ್ನ ಬೈಕಿನ ಪೆಟ್ರೋಲು ಖರ್ಚಾಗ್ತಿದೆ, ಅಷ್ಟೆ."

ಮದುವೆ, ತಿಥಿಗಳಲ್ಲಿ ಎದುರಾಗುತ್ತಿದ್ದೆವು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದೆವು. ಅಣ್ಣ ಬಡಿಸುವವನಿಗೆ "ಅವನಿಗೆ ಹಾಕು" ಎನ್ನುತ್ತಿದ್ದ. ಅವನು ಎಂದರೆ ನಾನು. ನಮ್ಮ ನಡುವೆ ಉಳಿದಿದ್ದ ಸಂಭಾಷಣೆ ಅದು.

ಅದೇ ಮೆಕ್ಯಾನಿಕ್ ಒಂದು ಏಪ್ರಿಲ್‌ನಲ್ಲಿ ಮನೆಗೆ ಬಂದ. ಯಾವತ್ತೂ ಜಗುಲಿಯ ಮೇಲೆ ಕೂರುವವನು ಅಂದು ಅಂಗಳದಲ್ಲೇ ನಿಂತ.

"ಅಣ್ಣೋರ ಉಸಿರು ಸರಿ ಇಲ್ಲ ಸಾರ್."

"ಕಾರ್ಬುರೇಟರಿನದಾ?"

"ಕಾರಿಂದಲ್ಲ. ಅವರದ್ದೇ."

ಮಂಗಳೂರಿಗೆ ಕರೆದುಕೊಂಡು ಹೋಗಿ ಬಂದಿದ್ದರಂತೆ. ಶ್ವಾಸಕೋಶದಲ್ಲಿ ಏನೋ ಬೆಳೆದು ಎರಡೂ ಕಡೆ ಹರಡಿದೆ. ಡಾಕ್ಟರು ಅತ್ತಿಗೆಯನ್ನು ಹೊರಗೆ ಕರೆದು, ನಿಮ್ಮ ಕಡೆ ಮಳೆಗಾಲ ಜೋರಲ್ಲವೇ, ಅದನ್ನು ದಾಟಿಸುವುದು ಕಷ್ಟ ಎಂದಿದ್ದಾರೆ. ಅಣ್ಣ ಗಾಜಿನ ಬಾಗಿಲ ಆಚೆಯಿಂದ ಇಬ್ಬರ ಮುಖ ನೋಡಿ ಎಲ್ಲವನ್ನೂ ತಿಳಿದುಕೊಂಡಿದ್ದಾನೆ.

"ಒಂದ್ಸಲ ಆ ಕೆಂಪು ಕಾರಲ್ಲಿ ಹೊರನಾಡಿಗೆ ಹೋಗ್ಬೇಕಂತೆ ಸಾರ್. ಮಳೆ ಹಿಡಿಯೋದ್ರೊಳಗೆ. ನನ್ನ ಕೇಳಿದ್ರು, ಇದನ್ನ ಓಡೋ ಹಂಗೆ ಮಾಡಕ್ಕಾಗತ್ತಾ ಅಂತ. ನಾನಂದೆ, ಅರ್ಧ ಸಾಮಾನು ಬಣಕಲ್ಲಲ್ಲಿದೆ. ಅವನ ಹತ್ರ ಕೇಳ್ಬೇಡ ಅಂದ್ರು."

ಮಳೆ ಹಿಡಿಯುವುದರೊಳಗೆ ಎಂಬುದಕ್ಕೆ ಎರಡು ಅರ್ಥವಿರಲಿಲ್ಲ. ಹುಡ್ಡಿಲ್ಲದ ಕಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಬರುವಂತಿಲ್ಲ. ಸೆಪ್ಟೆಂಬರ್‌ವರೆಗೆ ಅಣ್ಣನೂ ಇರುವಂತಿಲ್ಲ.

ಮಾರನೆಯ ದಿನ ಹಸಿರು ಕಾರಿನಿಂದ ಒಳ್ಳೆಯದು, ಕೆಟ್ಟದ್ದು ಎರಡೂ ಕಾರ್ಬುರೇಟರು ಬಿಚ್ಚಿ, ಮೂರು ಚಕ್ರಗಳನ್ನು ಜೀಪಿಗೆ ಹಾಕಿಕೊಂಡು, ಮೆಕ್ಯಾನಿಕ್ಕನನ್ನು ಕೂರಿಸಿಕೊಂಡು ಕಳಸದ ಕಡೆಗೆ ಹೊರಟೆ. ರೆಕ್ಕೆಯ ನಟ್ಟುಗಳನ್ನು ಮರದ ತುಂಡು ಅಡ್ಡ ಇಟ್ಟು ಹೊಡೆದು ಬಿಚ್ಚಿದೆವು. ಒಂದರ ರೆಕ್ಕೆ ಮುರಿಯಿತು.

ಕಾಫಿ ಹಣ್ಣು ಸುಲಿಯುವ ಹಳೆಯ ಪಲ್ಪಿಂಗ್ ಶೆಡ್ಡಿನ ಬಾಗಿಲಲ್ಲಿ ಅಣ್ಣ ಕುರ್ಚಿ ಹಾಕಿಕೊಂಡು ಕೂತಿದ್ದ, ಒಳಗೆ ಕೆಂಪು ಕಾರು. ಅವನು ಕುರ್ಚಿಯ ಒಂದು ಮೂಲೆಯಲ್ಲಿ ಮಾತ್ರ ಇದ್ದ. ಉಳಿದ ಕುರ್ಚಿ ಖಾಲಿ. ಜೀಪಿನ ಹಿಂಬದಿಯನ್ನು ಬಹಳ ಹೊತ್ತು ನೋಡಿದ.

"ಮೂರೂ ತಂದ್ಯಾ?"

"ಮೂರೂ ತಂದೆ."

"ಕಾರ್ಬುರೇಟರಿಗೆ ಡ್ಯಾಂಪರ್ ಆಯಿಲ್ ಹಾಕಿದ್ಯಾ? ಒಣಗಿಸಿಟ್ಟಿರ್ತೀಯ ನೀನು."

"ಒಳ್ಗೆ ಬಾ ಅಂತಾದ್ರೂ ಹೇಳಣ್ಣ."

"ಬಂದಿದ್ದೀಯಲ್ಲ ಮಾರಾಯ, ಇನ್ನೇನು ಹೇಳೋದು?"

ಇಷ್ಟೇ. ಇಷ್ಟು ವರ್ಷಗಳ ಮೌನಕ್ಕೆ ಇನ್ನೇನಾದರೂ ವಿಧಿ ಇರಬಹುದೆಂದು ನಾನು ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದೆ. ಅತ್ತಿಗೆ ಕಾಫಿ ತಂದುಕೊಟ್ಟು, ಸುತ್ತಿಗೆಯನ್ನೂ ತಂದು ಪಕ್ಕದಲ್ಲಿಟ್ಟರು. ಅದನ್ನು ಅವರು ಹುಣಸೆಹಣ್ಣು ಕಿವುಚಿದ ನೀರಿನಲ್ಲಿ ವರ್ಷಾವರ್ಷ ತಿಕ್ಕಿ ಹಂಡೆಯ ಪಕ್ಕ ಇಟ್ಟಿದ್ದರು. ಫಳಫಳ ಹೊಳೆಯುತ್ತಿತ್ತು.

ವಾರಕ್ಕೆ ಎರಡು ಮೂರು ಸಲ ಹೋಗತೊಡಗಿದೆ. ಮೊದಲ ವಾರ ಜಗಳದಲ್ಲಿ ಹೋಯಿತು. ಕೆಂಪಿನ ನೆಲದ ತಗಡು ತುಕ್ಕು ಹಿಡಿದು ಕಾಲಿಟ್ಟರೆ ಕೆಳಗೆ ಸಿಮೆಂಟು ಕಾಣುತ್ತಿತ್ತು. ನನ್ನ ಹಸಿರು ಗಟ್ಟಿಯಾಗಿತ್ತು. ಇವನ ಕಾರ್ಬುರೇಟರು, ಡೈನಮೋ, ಚಕ್ರಗಳನ್ನು ಅದಕ್ಕೆ ಹಾಕಿದರೆ ನಾಲ್ಕು ದಿನದ ಕೆಲಸ ಎಂದೆ.

"ನಿಂದು ಓಡಿದ್ದು ನೋಡಿದ್ದೀನಿ," ಎಂದ ಅಣ್ಣ. ಒಂದು ವಾಕ್ಯಕ್ಕೆ ಎರಡು ಸಲ ನಿಲ್ಲಬೇಕಾಗುತ್ತಿತ್ತು ಅವನಿಗೆ. "ಇದು ಓಡ್ಲಿ."

"ಅಣ್ಣ, ದಿನ ಇಲ್ಲ."

"ಯಾರಿಗೆ?"

ಮೆಕ್ಯಾನಿಕ್ ಇಂಜಿನ್ನಿನೊಳಗೆ ತಲೆ ತೂರಿಸಿ ತನಗೆ ಏನೂ ಕೇಳಿಸಲಿಲ್ಲ ಎಂಬಂತೆ ಮಾಡಿದ. ಕೊನೆಗೆ ನೆಲಕ್ಕೆ ಹೊಸ ತಗಡನ್ನೇ ಬೆಸೆಯಬೇಕಾಯಿತು. ಅದಕ್ಕೆ ಹತ್ತು ದಿನ. ಆಮೇಲೆ ನೋಡಿದರೆ ಇಂಜಿನ್ನಿಗೆ ಪೆಟ್ರೋಲು ಎತ್ತಿಕೊಡುವ ಪಂಪಿನ ರಬ್ಬರು ಹರಿದಿತ್ತು. ಅದನ್ನು ತರಿಸಲು ಇನ್ನಷ್ಟು. ಮಧ್ಯಾಹ್ನದ ಮೇಲೆ ದಿನಾ ಗುಡ್ಡದ ಆಚೆ ಗುಡುಗುತ್ತಿತ್ತು. ಒಂದೆರಡು ಸಂಜೆ ಮಳೆ ಬಂದು ಹೋಯಿತು. ನಾವು ಆಕಾಶ ನೋಡುತ್ತಿದ್ದೆವು, ಅತ್ತಿಗೆ ಅಣ್ಣನನ್ನು ನೋಡುತ್ತಿದ್ದರು.

ಮೇ ಕೊನೆಯ ವಾರ ಇಂಜಿನ್ನು ಬಾಯಿಬಿಟ್ಟಿತು. ವರ್ಷಗಟ್ಟಲೆ ನುಂಗಿದ್ದ ಧೂಳನ್ನೆಲ್ಲ ಕಾರಿ, ಕೆಮ್ಮಿ, ನಿಂತು, ಮತ್ತೆ ಹಿಡಿಯಿತು. ಮೆಕ್ಯಾನಿಕ್ ಕೈಮುಗಿದ. ಅಣ್ಣ ರಬ್ಬರ್ ಪೈಪು ಕೇಳಿದ. ಕುರ್ಚಿಯನ್ನು ಬಾನೆಟ್ಟಿನ ಹತ್ತಿರ ಎಳೆದು ಕೊಟ್ಟೆವು. ಒಂದು ತುದಿ ಕಿವಿಗಿಟ್ಟು ಕಣ್ಣು ಮುಚ್ಚಿದ.

"ಹಿಂದಿನದು ಕಮ್ಮಿ ಎಳೀತಿದೆ."

ಅದರೊಳಗೆ ಪೆಟ್ರೋಲು ಅಳೆದು ಬಿಡುವ ಸೂಜಿ ತೆಗೆದು ಇದಕ್ಕೆ ಹಾಕಿಸಿದ. ಇದರ ಸ್ಪ್ರಿಂಗ್ ಅದಕ್ಕೆ. ಕೆಟ್ಟವೆಂದು ಮೂಲೆಗೆಸೆದಿದ್ದ ಎರಡು ಕಾರ್ಬುರೇಟರುಗಳನ್ನೂ ತರಿಸಿ, ಬಿಚ್ಚಿಸಿ, ಅವುಗಳಿಂದ ಒಂದು ಪಿಸ್ಟನ್ನು, ಒಂದು ಮುಚ್ಚಳ. ಎರಡು ದಿನ ಇದೇ ನಡೆಯಿತು. ಮಧ್ಯೆ ಮಧ್ಯೆ ಪೈಪು ಕೆಳಗಿಟ್ಟು ತನ್ನ ಉಸಿರು ಹುಡುಕಿಕೊಳ್ಳುತ್ತಿದ್ದ. ಅತ್ತಿಗೆ ಬಂದು, "ಹೊಗೆ ಕುಡಿಸ್ತಿದ್ದೀರಲ್ಲ ಅವರಿಗೆ, ನಿಮಗೇನಾದ್ರೂ ಗ್ಯಾನ ಇದೆಯಾ!" ಎಂದು ನನಗೆ ಬೈದರು. ಅಣ್ಣ ಅವರ ಕಡೆ ನೋಡದೆ, "ಸುಮ್ನಿರು, ಕೇಳಿಸ್ತಿಲ್ಲ," ಎಂದ. ಎರಡನೆಯ ದಿನ ಸಂಜೆ ಪೈಪು ನನ್ನ ಕೈಗೆ ಕೊಟ್ಟ. ನನಗೆ ಕೇಳಿಸಿದ್ದು ಎಂದಿನ ಹಾವುಗಳೇ. ಆದರೂ "ಸಮ ಇದೆ" ಎಂದೆ. ಅಣ್ಣ ತಲೆಯಾಡಿಸಿದ.

ಬೆಳಗ್ಗೆ ಹೊರಡುವುದೆಂದಾಯಿತು. ಕಳಸ ಬಳಸಿ ಹೊರನಾಡಿಗೆ ಅಲ್ಲಿಂದ ಹೆಚ್ಚು ದೂರವೇನಲ್ಲ. ನಾನು ಅಂದು ಅಲ್ಲೇ ಉಳಿದೆ.

ಬೆಳಕು ಹರಿಯುವಾಗ ಮಾಡಿನ ಶೀಟಿನ ಮೇಲೆ ಸದ್ದು. ಬಂದು ಹೋಗುವ ಮಳೆ ಇದಲ್ಲ ಎಂದು ಇಲ್ಲಿ ಹುಟ್ಟಿದವನಿಗೆ ಹಾಸಿಗೆಯಲ್ಲೇ ಗೊತ್ತಾಗುತ್ತದೆ. ಗುಡುಗಿಲ್ಲ, ಗಾಳಿಯಿಲ್ಲ. ಒಂದೇ ಸಮ, ನಾಲ್ಕು ತಿಂಗಳ ಸಾಮಾನು ಹೊತ್ತುಕೊಂಡು ಬಂದವರ ಥರ. ಆ ವರ್ಷ ಅದಕ್ಕೆ ಏನು ಅವಸರವಿತ್ತೋ.

ಅಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದ. ಹತ್ತು ಗಂಟೆಯವರೆಗೆ ಕಾದೆವು.

"ಜೀಪಲ್ಲಿ ಹೋಗೋಣ," ಎಂದೆ.

"ಜೀಪಲ್ಲಿ ಆಸ್ಪತ್ರೆಗೆ ಹೋಗ್ತೀನಲ್ಲ." ಸ್ವಲ್ಪ ಹೊತ್ತಿಗೆ, "ಶೆಡ್ಡಿಗೆ ಕರ್ಕೊಂಡೋಗು," ಎಂದ.

ಕೊಡೆ ಹಿಡಿದು ನಡೆಸಿಕೊಂಡು ಹೋದೆ. ತಾನೇ ಬಾಗಿಲು ತೆಗೆದು ಸ್ಟಿಯರಿಂಗಿನ ಹಿಂದೆ ಇಳಿದು ಕೂತ. ನಾನು ಎಡಕ್ಕೆ. ಇಂಜಿನ್ನು ಶುರುಮಾಡಿದ. ಒಂದೇ ಎಳೆತಕ್ಕೆ ಹಿಡಿಯಿತು. ಎಷ್ಟು ಇಂಪಾಗಿತ್ತೆಂದರೆ ಶೀಟಿನ ಮೇಲಿನ ಮಳೆ ಹಿಂದೆ ಸರಿಯಿತು. ಅಣ್ಣ ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ಹೊಗೆಯ ಕೆಮ್ಮು ಬಂದು ತಾನೇ ಆರಿಸಿದ.

"ಕೂಗು," ಎಂದ.

"ಏನು?"

"ದಾರಿ ಕೂಗು. ಹೆಂಗೂ ಹೋಗಲ್ಲ, ಬಣಕಲ್ಲಿಂದ್ಲೇ ಶುರು ಮಾಡು. ಪೆಟ್ರೋಲು ಖರ್ಚಿಲ್ಲ."

ಕೂಗಿದೆ. ನಲವತ್ತರ ಹತ್ತಿರದ ಗಂಡಸು, ಇಟ್ಟಿಗೆಯ ಗೋಡೆಯ ಕಡೆ ಮುಖ ಮಾಡಿ ನಿಂತ ಕಾರಿನಿಂದ ಹೊರಗೆ ಬಾಗಿ, ಸಿಮೆಂಟು ನೆಲವನ್ನು ನೋಡುತ್ತ, ಎಡ, ಬಲ, ಕೊಕ್ಕೆ ಎಂದು ಕೂಗಿದೆ. ಅಣ್ಣ ಕ್ಲಚ್ಚು ಒತ್ತಿ ಗೇರು ಬದಲಿಸುತ್ತಿದ್ದ, ಸ್ಟಿಯರಿಂಗನ್ನು ಚೂರು ಚೂರು ತಿರುಗಿಸುತ್ತಿದ್ದ. ಕೊಟ್ಟಿಗೆಹಾರದಲ್ಲಿ ಬಲಕ್ಕೆ ತಿರುಗಿದೆವು. ಅಲ್ಲಿಂದ ಮುಂದೆ ನನಗೆ ಅಷ್ಟು ನೆನಪಿರುತ್ತದೆಂದು ನನಗೇ ಗೊತ್ತಿರಲಿಲ್ಲ.

"ಬಲ," ಎಂದೆ ಒಂದು ಕಡೆ.

"ಅಲ್ಲಿ ಎಡ. ದೊಡ್ಡ ಹಲಸಿನ ಮರ. ಕೊಲ್ತೀಯ ನನ್ನ ನೀನು."

ಆ ಮಾತು ಬಾಯಿಂದ ಬಿದ್ದ ಮೇಲೆ ಅಣ್ಣ ಗೇರು ಇಳಿಸಿ ತಿರುವು ದಾಟಿಸಿದ. ಆಮೇಲೆ ನಾನು "ದನ" ಎಂದೆ. ಆತ ಬ್ರೇಕು ಒತ್ತಿದ. ನಗಲು ಹೊರಟದ್ದು ಕೆಮ್ಮಾಗಿ, ಬಹಳ ಹೊತ್ತು ನಿಲ್ಲಲಿಲ್ಲ. ಬಿಳಿ ಶರ್ಟಿನ ಮೇಲೆ ಕೆಂಪು ಹನಿ ಬಿತ್ತು. ಒರೆಸಿಕೊಳ್ಳಲು ಕಾರಿನ ಆಯಿಲ್ ಬಟ್ಟೆಯನ್ನೇ ತೆಗೆದುಕೊಂಡ.

ಕಳಸಕ್ಕೆ ಮುಂಚಿನ ಸೇತುವೆಯ ಹತ್ತಿರ ಗೇರು ನ್ಯೂಟ್ರಲ್ಲಿಗೆ ತಂದು ಕೈ ತೆಗೆದ.

"ಇಲ್ಲಿ ನಿಲ್ಸೋಣ. ದರ್ಶನ ಆಮೇಲೆ."

ಆಮೇಲೆ ಎಂಬುದು ಬರಲಿಲ್ಲ. ಜುಲೈ ಮಧ್ಯದಲ್ಲಿ, ಮರ ಬಿದ್ದು ರಸ್ತೆ ಮುಚ್ಚಿದ್ದ ದಿನ ಅಣ್ಣ ಹೋದ. ನಾನು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಸೌದೆ ಹೊತ್ತಿಕೊಳ್ಳಲು ಬಹಳ ಕಷ್ಟವಾಯಿತು. ಕೊನೆಗೆ ಯಾರೋ ಶೆಡ್ಡಿನಿಂದ ಪೆಟ್ರೋಲಿನ ಕ್ಯಾನು ತಂದರು. ಕಾರಿಗೆಂದು ತುಂಬಿಸಿಟ್ಟದ್ದು.

ತಿಥಿಯ ದಿನ ಸೋದರಮಾವ ಕೋಲೂರಿಕೊಂಡು ಶೆಡ್ಡಿನವರೆಗೆ ಬಂದರು. ಕೆಂಪು ಕಾರನ್ನು ನೋಡಿ ತೃಪ್ತಿಯಿಂದ ತಲೆದೂಗಿದರು.

"ಕಂಡ್ಯಾ? ನ್ಯಾಯವಾಗಿ ಹಂಚಿದ್ದಕ್ಕೆ ಎರಡೂ ಉಳ್ಕೊಂಡ್ವು."

ಅವರಿಗೆ ತೊಂಬತ್ತು ದಾಟಿತ್ತು. ಹೌದು ಮಾವ ಎಂದೆ.

ಅಕ್ಟೋಬರ್‌ನಲ್ಲಿ ಬಿಸಿಲು ಬಿದ್ದ ಮೇಲೆ ಅತ್ತಿಗೆ ಹೇಳಿ ಕಳಿಸಿದರು. ಹೋದೆ. ಶೆಡ್ಡಿನ ಬಾಗಿಲು ತೆರೆದಿಟ್ಟು ಕಾಯುತ್ತಿದ್ದರು. ಸುತ್ತಿಗೆ ಮತ್ತೆ ತಿಕ್ಕಿಸಿಕೊಂಡು ಹೊಳೆಯುತ್ತಿತ್ತು.

"ನಿಮ್ಮ ಪಾಲಿಂದು ನೀವು ಬಿಚ್ಕೊಂಡು ಹೋಗ್ಬಿಡಿ. ನಾಳೆ ಮಾತು ಬರೋದು ಬೇಡ. ಯಾರ ಸಾಮಾನೂ ನಮ್ಮಲ್ಲಿ ಇರಬಾರ್ದು."

ಕೋಪವಿರಲಿಲ್ಲ. ಹತ್ತು ವರ್ಷ ಅವರು ಕಂಡದ್ದು ಪಾಲನ್ನೇ. ಬಾನೆಟ್ಟು ಎತ್ತಿದೆ. ಎರಡು ಕಾರ್ಬುರೇಟರುಗಳು ಅಕ್ಕಪಕ್ಕ ಕೂತಿದ್ದವು. ಒಂದರಲ್ಲಿ ನನ್ನ ದೇಹ, ಅವನ ಸೂಜಿ. ಇನ್ನೊಂದರಲ್ಲಿ ಅವನ ದೇಹ, ನನ್ನ ಸ್ಪ್ರಿಂಗು, ಕೆಟ್ಟದ್ದರ ಮುಚ್ಚಳ. ಯಾವುದು ಎಲ್ಲಿಯದೆಂದು ಬಲ್ಲವನು ಒಬ್ಬನೇ ಇದ್ದ. ಸ್ಪ್ಯಾನರು ಹಾಕಿ ಒಂದು ನಟ್ಟು ಸಡಿಲಿಸಿದೆ. ಮತ್ತೆ ಬಿಗಿಮಾಡಿದೆ.

"ಬರಲ್ಲ ಅತ್ತಿಗೆ. ಬೆರೆತುಹೋಗಿದೆ."

ಅವರು ಬಂದು ಬಗ್ಗಿ ನೋಡಿದರು. ಅರ್ಥವಾಯಿತೋ ಇಲ್ಲವೋ. "ಅವತ್ತು ಮಳೇಲಿ ಇಲ್ಲೇ ಕೂತು ಇಬ್ರೂ ಏನು ಕೂಗಾಡ್ತಿದ್ರಿ?" ಎಂದು ಕೇಳಿದರು.

"ಹೊರನಾಡಿಗೆ ಹೋಗ್ತಿದ್ವಿ."

ಅವರು ಬಾನೆಟ್ಟಿನಿಂದ ಕೈ ತೆಗೆದು ಎಡ ಸೀಟನ್ನು ನೋಡುತ್ತ ನಿಂತರು. "ಮದುವೆ ಆದಾಗಿಂದ ನನ್ನ ಒಂದು ಸಲಾನೂ ಆ ಹಸಿರಲ್ಲಾಗ್ಲಿ ಇದ್ರಲ್ಲಾಗ್ಲಿ ಕೂರ್ಸಿಲ್ಲ ಅವರು. ಎರಡೇ ಸೀಟು, ತಮ್ಮ ಬರ್ತಾನೆ ಅನ್ನೋರು. ನೀವು ಬೇರೆ ಆದ್ಮೇಲೆ ಕೇಳಿದೆ. ಓಡಲ್ವಲ್ಲ ಅಂದ್ರು."

ನಾನು ಎಡಗಡೆಯ ಬಾಗಿಲು ತೆಗೆದು ಹಿಡಿದೆ. ಸೀಟಿನ ಮೇಲೆ ಮಳೆಗಾಲದ ಬೂಷ್ಟು ಬಿಳಿಯಾಗಿ ಹಬ್ಬಿತ್ತು. ಅಂಗೈಯಲ್ಲಿ ಒರೆಸಿದೆ.

ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದು, ಸೆರಗನ್ನು ಒಟ್ಟುಮಾಡಿ ಹಿಡಿದು, ಒಳಗೆ ಬಗ್ಗಿ ನೋಡಿದರು. ಬಲಗಡೆ ಸೀಟಿನಲ್ಲಿ ಆಯಿಲ್ ಬಟ್ಟೆ ಅಂದು ಬಿದ್ದಲ್ಲೇ ಬಿದ್ದಿತ್ತು.

"ಬೇಡ," ಎಂದರು. "ಸೀರೆಗೆ ಆಯಿಲ್ ಆಗತ್ತೆ. ಊಟಕ್ಕೆ ಬನ್ನಿ."

ಅವರು ಅಂಗಳ ದಾಟಿ ಒಳಗೆ ಹೋಗುವ ತನಕ ಬಾಗಿಲು ಹಿಡಿದುಕೊಂಡೇ ಇದ್ದೆ. ಆಮೇಲೆ ಮುಚ್ಚಿ, ಟಾರ್ಪಾಲು ಹೊದಿಸಿ, ನಾಲ್ಕೂ ಮೂಲೆಗೆ ಕಲ್ಲು ಹೇರಿದೆ.